ಬೀದರಿನ ಝರಣಿ: ನೀರೇ ಹಾದಿಯಾದ ಕ್ಷೇತ್ರ

ಬೀದರ ನಗರದ ಅಂಚಿನಲ್ಲಿರುವ ಮೂರು ಪುಣ್ಯಸ್ಥಳಗಳ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. ಒಂದು, ಝರಣಿ ನರಸಿಂಹನ ಗುಹಾಲಯ. ಎರಡನೆಯದು, ಸಿಖ್ಖರ ಗುರುದ್ವಾರವಾದ ನಾನಕ ಝಿರಾ. ಮೂರನೆಯದು, ಪಾಪನಾಶದ ಶಿವಾಲಯ. ಝರಣಿ, ಝಿರಾ ಎಂಬ ಎರಡು ಮಾತುಗಳೂ ಸಂಸ್ಕೃತದ ‘ಝರ’ ಎಂಬ ಒಂದೇ ಮೂಲದಿಂದ ಹರಿದು ಬಂದವು. ನಮ್ಮ ಕವಿಗಳು ಬಳಸುವ ‘ನಿರ್ಝರ’ವೂ ಅದರ ಬಂಧುವೇ. ಪಾಪನಾಶವಂತೂ ಮಿಂದವರ ಪಾಪವನ್ನು ತೊಳೆಯುವ ತೀರ್ಥಕ್ಕೆ ಇಟ್ಟ ಹೆಸರು. ಮೂರು ಸ್ಥಳಗಳು, ಮೂರು ಬಗೆಯ ಭಕ್ತರು, ಮೂರು ಬಗೆಯ ಪೂಜೆ. ಆದರೆ ಮೂರರಲ್ಲಿಯೂ ಮೊದಲು ಕರೆಯುವುದು ನೀರು.

ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ನಮ್ಮ ಕಡೆಯಿಂದ ಬೀದರಿಗೆ ಬರುವ ಹಾದಿಯನ್ನು ಗಮನಿಸಬೇಕು. ನಾನು ಔರಾದ ತಾಲೂಕಿನ ಸಂತಪುರದವನು. ಸಂತಪುರದಿಂದ ಹೊರಟು ಕೌಠಾ ಗ್ರಾಮದ ಬಳಿ ಮಾಂಜ್ರಾ ನದಿಯನ್ನು ದಾಟಿ ಬೀದರಿನ ಕಡೆಗೆ ಸಾಗುವಾಗ ಹೊಳೆಯ ಎರಡೂ ದಂಡೆಗಳಲ್ಲಿ ಕಣ್ಣಿಗೆ ಬೀಳುವುದು ಎರೆಭೂಮಿ. ತೊಗರಿ, ಉದ್ದು, ಹೆಸರು, ಜೋಳಗಳನ್ನು ಬೆಳೆಯುವ ಕಪ್ಪು ಮಣ್ಣು. ಮಳೆ ಬಂದರೆ ಕಾಲಿಗೆ ಅಂಟುವ, ಬೇಸಗೆ ಬಂದರೆ ಬಾಯ್ದೆರೆಯುವ ಮಣ್ಣು. ನದಿಯ ಕಣಿವೆಯನ್ನು ಬಿಟ್ಟು ದಿನ್ನೆಯನ್ನು ಏರುತ್ತ ಹೋದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಕಪ್ಪು ಹಿಂದೆ ಉಳಿಯುತ್ತದೆ, ಕೆಂಪು ಎದುರಾಗುತ್ತದೆ. ಬಹಮನಿ ಸುಲ್ತಾನರ ಕೋಟೆ ನಿಂತಿರುವುದು ಈ ಕೆಂಪು ಪ್ರಸ್ಥಭೂಮಿಯ ಉತ್ತರದ ಅಂಚಿನಲ್ಲಿ, ಮಾಂಜ್ರಾ ಕಣಿವೆಯನ್ನು ಮೇಲಿನಿಂದ ನೋಡುತ್ತ. ಕೋಟೆಯ ಗೋಡೆಯೂ ಕೆಂಪು, ಕಂದಕವೂ ಕೆಂಪು, ಊರಿನ ಹಳೆಯ ಮನೆಗಳ ಕಲ್ಲೂ ಕೆಂಪು.

ಈ ಕಲ್ಲಿಗೆ ಕನ್ನಡದಲ್ಲಿ ಜಂಬಿಟ್ಟಿಗೆ ಎಂಬ ಸೊಗಸಾದ ಹೆಸರಿದೆ. ವಿಜ್ಞಾನಿಗಳು ಲ್ಯಾಟರೈಟ್ ಎನ್ನುತ್ತಾರೆ. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ ಮಲಬಾರಿನಲ್ಲಿ ಇಂಥ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ಈ ಹೆಸರನ್ನು ಇಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆಯೇ ಇದೆ. ನೆಲದೊಳಗೆ ಇರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದು. ಹೊರಗೆ ತೆಗೆದು ಗಾಳಿಬಿಸಿಲಿಗೆ ಒಡ್ಡಿದರೆ ಸುಟ್ಟ ಇಟ್ಟಿಗೆಯಂತೆ ಗಟ್ಟಿ. ಈ ಗುಣವನ್ನು ಬಲ್ಲ ಜನ ಎರಡು ದೂರದ ಭಾಷೆಗಳಲ್ಲಿ ಒಂದೇ ಹೋಲಿಕೆಯನ್ನು ಹಿಡಿದಿರುವುದು ಸಂತೋಷದ ವಿಷಯ.

ಈ ಕಲ್ಲಿಗೆ ಇನ್ನೊಂದು ಗುಣವಿದೆ. ಅದರ ಮೈಯೆಲ್ಲ ರಂಧ್ರ. ಜೇನುಹುಟ್ಟಿನಂತೆ ತೂತುತೂತಾದ ಈ ಬಂಡೆಯ ಮೇಲೆ ಬಿದ್ದ ಮಳೆಯ ಒಂದು ಪಾಲು ಹರಿದು ಹೋಗುವುದಿಲ್ಲ, ಒಳಗೆ ಇಳಿಯುತ್ತದೆ. ಇಳಿದು ಇಳಿದು ಕೊನೆಗೆ ಜೇಡಿಯಂಥ ಒಂದು ಪದರವನ್ನೂ, ಅದರ ಕೆಳಗಿರುವ ಕರಿಕಲ್ಲಿನ ಹಾಸನ್ನೂ ಮುಟ್ಟುತ್ತದೆ. ಅಲ್ಲಿಂದ ಕೆಳಗೆ ನೀರಿಗೆ ಸುಲಭವಾದ ಹಾದಿಯಿಲ್ಲ. ಆದುದರಿಂದ ಅದು ಅಡ್ಡವಾಗಿ ಚಲಿಸಿ, ಪ್ರಸ್ಥಭೂಮಿ ಎಲ್ಲಿ ಕಡಿದು ಕಣಿವೆಯಾಗುತ್ತದೆಯೋ ಅಲ್ಲಿ, ಕೆಂಪು ಕಲ್ಲೂ ಜೇಡಿಯೂ ಸೇರುವ ಗೆರೆಯಲ್ಲಿ, ಒರತೆಯಾಗಿ ಹೊರಗೆ ಒಸರುತ್ತದೆ. ಬೀದರಿನ ತೀರ್ಥಗಳು ದಿನ್ನೆಯ ನಡುವೆ ಇರದೆ ಅಂಚಿನ ತಗ್ಗುಗಳಲ್ಲಿ ಇರುವುದರ ಗುಟ್ಟು ಇದೇ. ಒಂದು ಬದಿಗೆ ನರಸಿಂಹ, ಇನ್ನೊಂದು ಬದಿಗೆ ಶಿವ, ಮತ್ತೊಂದು ಬದಿಗೆ ಗುರು ನಾನಕರು: ಎಲ್ಲರೂ ನೀರು ಹೊರಬರುವ ಬಾಗಿಲಲ್ಲಿಯೇ ನೆಲೆಸಿದ್ದಾರೆ.

ಇವುಗಳಲ್ಲಿ ಝರಣಿ ನರಸಿಂಹನ ದರ್ಶನ ವಿಶಿಷ್ಟವಾದದ್ದು. ಮಂಗಲಪೇಟೆಯ ಬಳಿ, ಮಣಿಚೂಲ ಬೆಟ್ಟಗಳೆಂದು ಹೆಸರಾದ ದಿನ್ನೆಯ ಅಡಿಯಲ್ಲಿ, ಬಂಡೆಯನ್ನು ಕೊರೆದ ಒಂದು ಸುರಂಗವಿದೆ. ಅದರ ಉದ್ದ ಸುಮಾರು 300 ಮೀಟರು. ಸುರಂಗದ ತುಂಬ ನೀರು. ದೇವರು ಇರುವುದು ಸುರಂಗದ ಕೊನೆಯಲ್ಲಿ. ಆತನನ್ನು ಕಾಣಬೇಕಾದರೆ ನೀರಿನಲ್ಲಿ ನಡೆದೇ ಹೋಗಬೇಕು, ಬೇರೆ ಹಾದಿಯಿಲ್ಲ. ಕಾಲಕ್ಕೆ ತಕ್ಕಂತೆ ನೀರು ಸೊಂಟದವರೆಗೆ ಬರುತ್ತದೆ, ಎದೆಯವರೆಗೂ ಬರುತ್ತದೆ. ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಮುದುಕರ ಕೈಹಿಡಿದು, ಗೋವಿಂದ ನಾಮವನ್ನು ಕೂಗುತ್ತ ಜನ ಸಾಗುತ್ತಾರೆ. ಹಿಂದೆ ಕತ್ತಲೆಯೇ ಇದ್ದ ಸುರಂಗಕ್ಕೆ ಈಚಿನ ದಶಕಗಳಲ್ಲಿ ವಿದ್ಯುದ್ದೀಪಗಳನ್ನೂ ಗಾಳಿಯ ವ್ಯವಸ್ಥೆಯನ್ನೂ ಕಲ್ಪಿಸಲಾಗಿದೆ. ಆದರೂ ತಲೆಯ ಮೇಲಿನ ಬಾವಲಿಗಳು ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಅವು ಮನುಷ್ಯರಿಗೆ ತೊಂದರೆ ಕೊಟ್ಟ ಮಾತನ್ನು ಭಕ್ತರು ಆಡುವುದಿಲ್ಲ. ಅವೂ ನರಸಿಂಹನ ಒಕ್ಕಲು ಎಂಬಂತೆ ನೋಡುತ್ತಾರೆ.

ನಾನು ಈ ನೀರಿನಲ್ಲಿ ಹಲವು ಸಲ ನಡೆದಿದ್ದೇನೆ. ಪ್ರತಿಯೊಂದು ಸಲವೂ ಗಮನಕ್ಕೆ ಬಂದದ್ದು ಒಂದೇ. ನೀರಿಗೆ ಇಳಿದ ಮೊದಲ ಹತ್ತು ಹೆಜ್ಜೆಗಳಲ್ಲಿ ಜನರು ತಮ್ಮ ತಮ್ಮ ಮನೆಯವರೊಂದಿಗೆ ಮಾತ್ರ ಮಾತನಾಡುತ್ತಾರೆ. ಎದೆಮಟ್ಟದ ನೀರು ಬಂದಾಗ ಯಾರ ಕೈ ಯಾರದೆಂಬ ಲೆಕ್ಕ ಉಳಿಯುವುದಿಲ್ಲ. ಮುಂದೆ ನಡೆಯುವ ತೆಲುಗು ಮಾತಿನ ಅಜ್ಜಿಯ ಕೈಯನ್ನು ಹಿಂದಿನ ಮರಾಠಿ ಹುಡುಗ ಹಿಡಿದಿರುತ್ತಾನೆ. ‘ಅವ್ವಾ, ಸಾವಕಾಶ, ಇಲ್ಲಿ ಕಲ್ಲದ’ ಎಂದು ನಮ್ಮ ಕಡೆಯ ಕನ್ನಡದಲ್ಲಿ ಯಾರೋ ಎಚ್ಚರಿಸುತ್ತಾರೆ. ಬಟ್ಟೆ ಎಲ್ಲರದೂ ಒದ್ದೆ. ಯಾರ ಸೀರೆ ಹೊಸದು, ಯಾರ ಅಂಗಿ ಹರಿದದ್ದು ಎಂಬುದು ಕಾಣುವುದಿಲ್ಲ. ಸಮಾನತೆಯನ್ನು ಕುರಿತು ದೊಡ್ಡ ಮಾತು ಆಡದೆ ಆ ಸುರಂಗ ಅದನ್ನು ಸ್ವಲ್ಪ ಹೊತ್ತಾದರೂ ಆಗಮಾಡುತ್ತದೆ.

ಕೊನೆಯಲ್ಲಿ ಸಿಗುವ ಸ್ಥಳ ಬಹು ಇಕ್ಕಟ್ಟು. ಏಳೆಂಟು ಜನ ನಿಂತರೆ ತುಂಬಿತು. ಅಲ್ಲಿ ಕೆಂಪು ಬಂಡೆಯ ಗೋಡೆಯಲ್ಲಿ ಮೂಡಿದ ಉಗ್ರನರಸಿಂಹ. ಅವನ ಸನಿಹದಲ್ಲಿಯೇ ಒಂದು ಶಿವಲಿಂಗ. ವಿಷ್ಣುವಿನ ಗುಡಿಯಲ್ಲಿ ಶಿವನೇಕೆ ಎಂದು ಕೇಳಿದರೆ ಅರ್ಚಕರು ಝರಾಸುರನ ಕಥೆಯನ್ನು ಹೇಳುತ್ತಾರೆ. ಜಲಾಸುರನೆಂದೂ ಅವನನ್ನು ಕರೆಯುವುದುಂಟು. ಅವನು ರಾಕ್ಷಸ, ಆದರೆ ಪರಮ ಶಿವಭಕ್ತ. ಈ ಗುಹೆಯಲ್ಲಿ ಶಿವನನ್ನು ಪೂಜಿಸುತ್ತ ಇದ್ದವನು. ಹಿರಣ್ಯಕಶಿಪುವನ್ನು ಸಂಹರಿಸಿದ ನರಸಿಂಹನು ಬಳಿಕ ಇಲ್ಲಿಗೆ ಬಂದು ಇವನನ್ನೂ ಕೊಂದನು. ಸಾಯುವ ಹೊತ್ತಿನಲ್ಲಿ ಅಸುರನು ಬೇಡಿದ್ದು ಇಷ್ಟು: ನೀನು ಈ ಗುಹೆಯಲ್ಲಿಯೇ ನೆಲೆಸಿ ಬಂದವರಿಗೆ ವರವನ್ನು ಕೊಡಬೇಕು. ನರಸಿಂಹನು ಒಪ್ಪಿದನು. ಅಸುರನು ನೀರಾಗಿ ಕರಗಿ ದೇವರ ಪಾದದಿಂದ ಹರಿಯತೊಡಗಿದನು.

ಪುರಾಣಕಥೆಗಳಲ್ಲಿ ಅಸುರವಧೆ ಸಾಮಾನ್ಯ. ಸತ್ತವನ ಹೆಸರು ಊರಿಗೆ ಅಂಟುವುದೂ ಸಾಮಾನ್ಯ. ಮೈಸೂರು ಮಹಿಷನಿಂದ ಬಂದದ್ದೆಂದು ನಾವೆಲ್ಲ ಕೇಳಿದ್ದೇವೆ. ಝರಣಿಯ ಕಥೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ ಭಕ್ತನು ದೇವರನ್ನು ಕಾಣುವ ಮೊದಲು ಅಸುರನನ್ನು ಮುಟ್ಟುತ್ತಾನೆ. ಸುರಂಗದ ಉದ್ದಕ್ಕೂ ಅವನ ಮೈಯನ್ನು ತಬ್ಬಿರುವುದು ಸೋತವನ ದೇಹವೇ. ಗೆದ್ದವನು ಗೋಡೆಯಲ್ಲಿ ಕಲ್ಲಾಗಿ ನಿಂತಿದ್ದಾನೆ, ಸೋತವನು ನೀರಾಗಿ ಹರಿಯುತ್ತಿದ್ದಾನೆ. ಸೋತವನ ಇಷ್ಟದೈವವೂ ಗೆದ್ದವನ ಪಕ್ಕದಲ್ಲಿಯೇ ಪೂಜೆಗೊಳ್ಳುತ್ತಿದೆ. ಶೈವ ವೈಷ್ಣವ ಕಲಹಗಳ ನೆನಪು ಈ ಕಥೆಯಲ್ಲಿ ಅಡಗಿದೆಯೇನೋ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಅಡಗಿದ್ದರೆ, ಜನಪದದ ಬುದ್ಧಿ ಅದನ್ನು ಬಹಳ ಉದಾರವಾಗಿ ತೀರ್ಮಾನಿಸಿದೆ ಎನ್ನಬೇಕು. ಇನ್ನೂ ಒಂದು ಮಾತು. ಈ ಕಥೆಯ ಪ್ರಕಾರ ನೀರು ದೇವರ ಅಲಂಕಾರವಲ್ಲ, ಗುಡಿಯ ಸೌಕರ್ಯವೂ ಅಲ್ಲ. ನೀರು ಇಲ್ಲಿಯ ಒಬ್ಬ ಮುಖ್ಯ ಪಾತ್ರಧಾರಿ. ಅವನು ಒಣಗಿಹೋದರೆ ಕಥೆಯೇ ಮುರಿದುಬೀಳುತ್ತದೆ.

ನಾನಕ ಝಿರಾದ ಐತಿಹ್ಯವೂ ನೀರಿನ ಸುತ್ತಲೇ ಹೆಣೆದುಕೊಂಡಿದೆ. 1469ರಲ್ಲಿ ಜನಿಸಿದ ಗುರು ನಾನಕರು ದಕ್ಷಿಣದ ಯಾತ್ರೆಯ ಕಾಲದಲ್ಲಿ, 1510ರಿಂದ 1514ರ ನಡುವೆ, ಬೀದರಿಗೆ ಬಂದರೆಂಬುದು ಸಿಖ್ಖರ ಪರಂಪರೆ. ಊರ ಹೊರಗೆ ಮುಸಲ್ಮಾನ ಫಕೀರರು ವಾಸವಾಗಿದ್ದರು. ಕುಡಿಯಲು ಸಿಹಿನೀರಿಗೆ ಬಹಳ ಬರವಿತ್ತು. ಜನರು ತಮ್ಮ ಕಷ್ಟವನ್ನು ಹೇಳಿಕೊಂಡಾಗ ಗುರುಗಳು ತಮ್ಮ ಮರದ ಪಾದುಕೆಯಿಂದ ಒಂದು ಕಲ್ಲನ್ನು ಸರಿಸಿದರು, ಅಲ್ಲಿಂದ ತಂಪಾದ ನೀರು ಚಿಮ್ಮಿತು ಎನ್ನುತ್ತಾರೆ. ಆ ಒರತೆಯ ನೀರನ್ನು ಇಂದಿಗೂ ಅಮೃತಕುಂಡದಲ್ಲಿ ಸಂಗ್ರಹಿಸುತ್ತಾರೆ. 1699ರಲ್ಲಿ ಖಾಲ್ಸಾ ಪಂಥದ ಸ್ಥಾಪನೆಯಾದಾಗ ತಲೆಕೊಡಲು ಮುಂದೆ ಬಂದ ಐವರು ಪ್ರಿಯರಲ್ಲಿ ಒಬ್ಬನಾದ ಸಾಹಿಬ್ ಸಿಂಗನು ಬೀದರಿನವನು ಎಂಬ ಹೆಮ್ಮೆಯೂ ಈ ಊರಿಗೆ ಇದೆ. ಹಿಂದೂ ಕಥೆಯಲ್ಲಿ ನೀರು ಅಸುರನ ಮೋಕ್ಷ. ಸಿಖ್ಖರ ಕಥೆಯಲ್ಲಿ ನೀರು ಬಾಯಾರಿದ ಪರಧರ್ಮೀಯರಿಗೆ ಗುರು ಮಾಡಿದ ಉಪಕಾರ. ಕಥೆಗಳು ಬೇರೆಯಾದರೂ ಒರತೆಯ ಗೆರೆ ಒಂದೇ.

ಅರಸರೂ ಈ ಗೆರೆಯನ್ನು ಓದಬಲ್ಲವರಾಗಿದ್ದರು. ಅಹಮದ್ ಶಾಹ ವಲಿಯು 1420ರ ದಶಕದಲ್ಲಿ ಗುಲ್ಬರ್ಗದಿಂದ ರಾಜಧಾನಿಯನ್ನು ಬೀದರಿಗೆ ತಂದ ಮೇಲೆ ಎತ್ತರದ ದಿನ್ನೆಯ ಮೇಲಿನ ನಗರಕ್ಕೆ ನೀರನ್ನು ಒದಗಿಸುವುದು ದೊಡ್ಡ ಕಾರ್ಯವಾಯಿತು. ಆಸ್ಥಾನದಲ್ಲಿ ಇರಾನಿನಿಂದ ಬಂದವರು ಅನೇಕರಿದ್ದರು; 1472ರಲ್ಲಿ ಇಲ್ಲಿ ಮದರಸಾವನ್ನು ಕಟ್ಟಿಸಿದ ಮಹಮೂದ್ ಗವಾನನೂ ಅಲ್ಲಿಯ ಗೀಲಾನ್ ಪ್ರಾಂತದವನೇ. ಅವರ ನಾಡಿನ ಒಣಭೂಮಿಗಳಲ್ಲಿ ಕರೇಜ್ ಎಂಬ ವ್ಯವಸ್ಥೆ ಬಹು ಪ್ರಾಚೀನವಾದದ್ದು. ನೆಲದಡಿಯ ನೀರಿರುವಲ್ಲಿ ಒಂದು ತಾಯಿಬಾವಿಯನ್ನು ತೋಡಿ, ಅಲ್ಲಿಂದ ಬಹು ಸಣ್ಣ ಇಳಿಜಾರಿನ ಸುರಂಗವನ್ನು ಕೊರೆಯುತ್ತಾರೆ. ನಡುನಡುವೆ ನೇರವಾದ ಗಾಳಿಬಾವಿಗಳು ಇರುತ್ತವೆ, ಬೆಳಕಿಗೂ ಹೂಳು ತೆಗೆಯುವುದಕ್ಕೂ ಅವೇ ದಾರಿ. ಯಂತ್ರವಿಲ್ಲ, ಎತ್ತಿಲ್ಲ, ಹಗ್ಗವಿಲ್ಲ. ನೀರು ತನ್ನ ತೂಕದಿಂದ ತಾನೇ ಬಯಲಿಗೆ ನಡೆದುಬರುತ್ತದೆ. ಮೆದುವಾಗಿ ಕಡಿಸಿಕೊಂಡು ಆಮೇಲೆ ಗಟ್ಟಿಯಾಗುವ ಜಂಬಿಟ್ಟಿಗೆ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಕಲ್ಲು. ಬೀದರಿನಲ್ಲಿ ಇಂಥ ಸುರಂಗಗಳು ನೌಬಾದಿನಲ್ಲಿವೆ, ಶುಕ್ಲತೀರ್ಥದಲ್ಲಿದೆ, ಊರೊಳಗೆ ಜಮನಾ ಮೋರಿ ಎಂಬ ಹೆಸರಿನಲ್ಲಿದೆ. ಸುಲ್ತಾನರ ಕಾಲದ ಕಾಮಗಾರಿಗೆ ತೀರ್ಥವೆಂದೂ ಜಮುನೆಯೆಂದೂ ಹೆಸರಿಟ್ಟ ಜನರ ಮನಸ್ಸನ್ನು ಬೇರೆ ವಿವರಿಸಬೇಕಾಗಿಲ್ಲ. ಝರಣಿಯ ಸುರಂಗವನ್ನೂ ನೌಬಾದಿನ ಸುರಂಗವನ್ನೂ ನೋಡಿದವರಿಗೆ ಒಂದು ಇನ್ನೊಂದನ್ನು ನೆನಪಿಗೆ ತಾರದೆ ಇರದು.

ನೀರಿನಲ್ಲಿ ನಡೆದು ದೇವರನ್ನು ಕಾಣುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಕಾಗಿಲ್ಲ. ಜಪಾನಿನ ಹಳೆಯ ರಾಜಧಾನಿಯಾದ ಕ್ಯೋಟೋ ನಗರದಲ್ಲಿ, ಎರಡು ಹೊಳೆಗಳು ಕೂಡುವ ಕಡೆಯಲ್ಲಿ, ಶಿಮೊಗಾಮೊ ಎಂಬ ಪ್ರಾಚೀನವಾದ ಶಿಂತೋ ದೇವಸ್ಥಾನವಿದೆ. ಅದನ್ನು ಕುರಿತು ಓದುವಾಗಲೆಲ್ಲ ನನ್ನ ಮನಸ್ಸು ಝರಣಿಗೆ ಓಡುತ್ತದೆ. ಶಿಂತೋ ಧರ್ಮದಲ್ಲಿ ಶುಚಿಯೇ ಮೊದಲ ಪೂಜೆ. ಯಾವ ದೇವಸ್ಥಾನಕ್ಕೆ ಹೋದರೂ ಬಾಗಿಲ ಬಳಿಯ ತೊಟ್ಟಿಯಲ್ಲಿ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಾರೆ. ಶಿಮೊಗಾಮೊದಲ್ಲಿ ಮಿತರಾಶಿ ಎಂಬ ಕೊಳವಿದೆ. ಅದರ ತಲೆಯಲ್ಲಿ ಬಾವಿಯೊಂದರ ಮೇಲೆಯೇ ಕಟ್ಟಿದ ಪುಟ್ಟ ಗುಡಿಯಿದೆ. ಜುಲೈ ತಿಂಗಳ ಸೆಕೆಯಲ್ಲಿ ನಡೆಯುವ ಉತ್ಸವದಂದು ಜನರು ಬರಿಗಾಲಲ್ಲಿ ಮೊಳಕಾಲುದ್ದದ ತಣ್ಣೀರಿಗೆ ಇಳಿದು, ಕೈಯಲ್ಲಿ ಮೊಂಬತ್ತಿಯನ್ನು ಹಿಡಿದು ನಡೆದು, ಅದನ್ನು ಗುಡಿಯ ಮುಂದೆ ಬೆಳಗಿಸಿ ಇಡುತ್ತಾರೆ. ರೋಗರುಜಿನಗಳು ಬಾರದಿರಲಿ ಎಂಬುದು ಪ್ರಾರ್ಥನೆ. ಮಂಗಲಪೇಟೆಯ ಸುರಂಗಕ್ಕೂ ಕ್ಯೋಟೋದ ಕೊಳಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಒದ್ದೆಯಾದ ಪಾದಗಳ ಭಕ್ತಿ ಎರಡೂ ಕಡೆ ಒಂದೇ ಬಗೆಯದು.

ಒಂದು ವ್ಯತ್ಯಾಸ ಮಾತ್ರ ಮುಖ್ಯವಾದದ್ದು. ಶಿಮೊಗಾಮೊ ಎಂದರೆ ಕಟ್ಟಡಗಳಷ್ಟೇ ಅಲ್ಲ. ಅದನ್ನು ಸುತ್ತುವರಿದು ತಾದಸು ಎಂಬ ಹಳೆಯ ಕಾಡಿದೆ. ಸುಮಾರು 12 ಹೆಕ್ಟೇರು, ಅಂದರೆ ಮೂವತ್ತು ಎಕರೆ. ನಗರದ ನಡುವೆ ಉಳಿದುಬಂದ ಆ ಕಾಡನ್ನೂ ಅದರೊಳಗಿನ ತೊರೆಗಳನ್ನೂ ಬಿಟ್ಟು ದೇವಸ್ಥಾನವನ್ನು ಅವರು ಯೋಚಿಸುವುದಿಲ್ಲ. 1994ರಲ್ಲಿ ಯುನೆಸ್ಕೊ ಕ್ಯೋಟೋದ ಪ್ರಾಚೀನ ಸ್ಥಳಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿ ಸೇರಿತು. ನಮ್ಮ ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಈ ಭಾವನೆ ಹೊಸದಲ್ಲ.

ಅಲ್ಲಿ ಎಲ್ಲವೂ ತಾನಾಗಿ ಉಳಿದುಬಂತೆಂದು ತಿಳಿಯಬಾರದು. 1906ರಲ್ಲಿ ಜಪಾನಿನ ಸರಕಾರ ಹಳ್ಳಿಹಳ್ಳಿಯ ಚಿಕ್ಕ ಗುಡಿಗಳನ್ನು ಒಂದರೊಡನೊಂದು ವಿಲೀನಗೊಳಿಸಲು ಹೊರಟಿತು. ಸುಮಾರು ಎಪ್ಪತ್ತು ಸಾವಿರ ಗುಡಿಗಳು ಹೀಗೆ ಇಲ್ಲವಾದವು. ಅವುಗಳ ಸುತ್ತಲಿನ ಹಿರಿಯ ಮರಗಳು ಮಾರಾಟವಾದವು. ಮಿನಕತ ಕುಮಗುಸು ಎಂಬ ಸಸ್ಯವಿಜ್ಞಾನಿ ಇದನ್ನು ಎದುರಿಸಿ ನಿಂತನು. ಅವನ ವಾದ ಸರಳವಾಗಿತ್ತು: ಮರ ಹೋದರೆ ಹಕ್ಕಿ ಹೋಗುತ್ತದೆ, ಹಕ್ಕಿ ಹೋದರೆ ಬೆಳೆ ಕೆಡುತ್ತದೆ, ಗುಡಿ ಹೋದರೆ ಊರಿನ ಒಗ್ಗಟ್ಟೇ ಕೆಡುತ್ತದೆ. 1910ರಲ್ಲಿ ಇದಕ್ಕಾಗಿ ಅವನು ಸೆರೆಮನೆಯನ್ನೂ ಕಂಡನು. 1920ರ ಹೊತ್ತಿಗೆ ಆ ನೀತಿಯನ್ನು ಕೈಬಿಡಲಾಯಿತು. ಶಿಮೊಗಾಮೊಕ್ಕೂ ಕಷ್ಟಗಳು ತಪ್ಪಿಲ್ಲ. ಕಾಲಕಾಲಕ್ಕೆ ನಡೆಸಬೇಕಾದ ಜೀರ್ಣೋದ್ಧಾರದ ವೆಚ್ಚಕ್ಕಾಗಿ ತನ್ನ ಜಾಗದ ಒಂದಂಚನ್ನು ವಸತಿ ಕಟ್ಟಡಗಳಿಗೆ ಗುತ್ತಿಗೆ ಕೊಡುವುದಾಗಿ 2015ರಲ್ಲಿ ಅದು ಪ್ರಕಟಿಸಿದಾಗ ನಗರದಲ್ಲಿ ಆಕ್ಷೇಪಗಳು ಎದ್ದವು. ಆಕ್ಷೇಪಿಸಲು ಜನರಿದ್ದರು ಎಂಬುದೇ ಇಲ್ಲಿ ಗಮನಿಸಬೇಕಾದ ವಿಷಯ.

ಈ ಕಣ್ಣಿನಿಂದ ಬೀದರನ್ನು ನೋಡೋಣ. ಝರಣಿಯ ಗುಡಿಗೆ ಎಲ್ಲೆ ಯಾವುದು? ಹೆಬ್ಬಾಗಿಲು, ಮೆಟ್ಟಿಲು, ಸುರಂಗದ ಬಾಯಿ: ನಾವು ಹಾಕಿರುವ ಎಲ್ಲೆ ಇದು. ಆದರೆ ಸುರಂಗದೊಳಗಿನ ನೀರು ಹೆಬ್ಬಾಗಿಲಿನಿಂದ ಬಂದದ್ದಲ್ಲ. ಅದು ತಲೆಯ ಮೇಲಿನ ಕೆಂಪು ದಿನ್ನೆಯಲ್ಲಿ ಸುರಿದ ಮಳೆ. ದಿನ್ನೆಯ ಮೇಲೆ ಕಲ್ಲು ಕಡಿದರೆ, ಹೆಜ್ಜೆಗೊಂದು ಕೊಳವೆಬಾವಿ ಕೊರೆದರೆ, ನೆಲಕ್ಕೆಲ್ಲ ಸಿಮೆಂಟು ಹೊದಿಸಿದರೆ, ಕೆಳಗಿನ ಒರತೆ ಬಡವಾಗುತ್ತದೆ. ಮಳೆಯನ್ನು ಒಳಗೆ ಬಿಟ್ಟುಕೊಳ್ಳುವ ಅದೇ ರಂಧ್ರಗಳು ಚರಂಡಿಯ ನೀರನ್ನೂ ಬಿಟ್ಟುಕೊಳ್ಳುತ್ತವೆ. ಜಂಬಿಟ್ಟಿಗೆಗೆ ತೀರ್ಥವೂ ಹೊಲಸೂ ಒಂದೇ. ನೌಬಾದಿನ ಕರೇಜಿಗೆ ಆದದ್ದು ನಮ್ಮ ಕಣ್ಣೆದುರಿಗಿದೆ. ಗಾಳಿಬಾವಿಗಳಲ್ಲಿ ಕಸ ತುಂಬಿ, ಸುರಂಗದಲ್ಲಿ ಹೂಳು ಸೇರಿ, ಅಂಥದೊಂದು ಇದೆಯೆಂಬುದನ್ನೇ ಊರು ಬಹುಮಟ್ಟಿಗೆ ಮರೆತಿತ್ತು. 2010ರ ದಶಕದಲ್ಲಿ ಹೂಳು ತೆಗೆಸಿದ ಮೇಲೆ ನೀರು ಮತ್ತೆ ಕಾಣಿಸಿಕೊಂಡಿತು. ಐದು ಶತಮಾನಗಳ ಹಿಂದಿನವರು ಮಾಡಿಟ್ಟ ಕೆಲಸ ನಮ್ಮ ಉದಾಸೀನದ ಕೆಳಗೂ ಜೀವ ಹಿಡಿದುಕೊಂಡಿತ್ತು ಎಂಬುದು ಆಶ್ಚರ್ಯಕ್ಕಿಂತ ಹೆಚ್ಚಾಗಿ ನಾಚಿಕೆಯನ್ನು ತರುವ ಸಂಗತಿ.

ನಮ್ಮ ಭಕ್ತಿಯಲ್ಲಿ ಕೊರತೆಯಿದೆಯೆಂದು ನಾನು ಹೇಳಲಾರೆ. ಎದೆಯುದ್ದ ನೀರಿನಲ್ಲಿ ಕೂಸನ್ನು ಹೊತ್ತು ನಡೆಯುವ ತಾಯಿಗೆ ಭಕ್ತಿಯ ಪಾಠ ಹೇಳುವವರು ಯಾರು? ಕೊರತೆಯಿರುವುದು ಆ ಭಕ್ತಿ ಹರಡಿರುವ ಜಾಗದಲ್ಲಿ. ನೀರು ಹೊರಬರುವ ಬಾಗಿಲಿಗೆ ನಾವು ಕೈಮುಗಿದಿದ್ದೇವೆ. ನೀರು ಒಳಹೋಗುವ ಬಾಗಿಲಿಗೆ ಹೆಸರನ್ನೂ ಇಟ್ಟಿಲ್ಲ. ಆ ದಿನ್ನೆಗೆ ಐತಿಹ್ಯವಿಲ್ಲ, ಜಾತ್ರೆಯಿಲ್ಲ, ಅದನ್ನು ಕಾಯುವ ಒಂದು ಕಥೆಯೂ ಇಲ್ಲ. ಹಳಬರಿಗೆ ಅದರ ಅಗತ್ಯವಿರಲಿಲ್ಲ; ಅವರ ಕಾಲದಲ್ಲಿ ದಿನ್ನೆ ದಿನ್ನೆಯಾಗಿಯೇ ಇತ್ತು, ಮಳೆಗೂ ಕಲ್ಲಿಗೂ ನಡುವೆ ಯಾರೂ ಬಂದಿರಲಿಲ್ಲ. ನಾವು ಬಂದಿದ್ದೇವೆ. ಆದ್ದರಿಂದ ಹೊಸ ಮರ್ಯಾದೆಯೊಂದನ್ನು ಕಲ್ಪಿಸಿಕೊಳ್ಳುವ ಹೊಣೆ ನಮ್ಮ ಮೇಲೆಯೇ ಇದೆ. ಯಾವ ದಿನ್ನೆಯ ಮಳೆ ಯಾವ ಒರತೆಗೆ ಬರುತ್ತದೆ ಎಂಬುದನ್ನು ಶಾಲೆಯ ಮಕ್ಕಳಿಗೆ ನಡೆಸಿ ತೋರಿಸಬಹುದು. ಅಂಥ ಜಾಗಗಳನ್ನು ಗುರುತಿಸಿ, ಗುಡಿಯ ಅಂಗಳದಷ್ಟೇ ಪವಿತ್ರವೆಂದು ಊರು ಒಪ್ಪಿಕೊಳ್ಳಬಹುದು. ಗುರುದ್ವಾರದವರೂ ಗುಡಿಯವರೂ ಹಳೆಯ ಪೇಟೆಯ ಮುಸಲ್ಮಾನರೂ ಕೂಡಿ ಮಾಡಬಹುದಾದ ಕೆಲಸವಿದು. ಏಕೆಂದರೆ ಕೆಳಗೆ ಹರಿಯುವ ನೀರು ಮೂವರದೂ ಒಂದೇ.

ಇನ್ನು ಮುಂದೆ ಬೀದರಿಗೆ ಹೋಗುವವರು ಝರಣಿಯ ನೀರಿಗೆ ಇಳಿಯುವ ಮೊದಲು ಐದು ನಿಮಿಷ ಮೇಲಿನ ದಿನ್ನೆಯ ಮೇಲೆ ನಿಂತು ಬರಲಿ ಎಂಬುದು ನನ್ನ ಬಿನ್ನಹ. ಅಲ್ಲಿ ನೋಡತಕ್ಕದ್ದು ಏನೂ ಇಲ್ಲ: ಕೆಂಪು ಕಲ್ಲು, ಕುರುಚಲು ಗಿಡ, ಬಯಲು. ದರ್ಶನದ ಮೊದಲ ಮೆಟ್ಟಿಲು ಮಾತ್ರ ಅಲ್ಲಿಯೇ ಇದೆ.